ಬೆಳಗಿನ ಜಾವದ ವೇಗ

ಈ ಊರಿನ ಹೆಸರು ಹೇ.
ಯಾರನ್ನೋ ಕರೆದ ಹಾಗೆ; ಯಾರೂ ತಿರುಗುವುದಿಲ್ಲ.
ಆಸ್ಟ್ರೇಲಿಯಾದ ಈ ಬಯಲು ಎಷ್ಟು ಸಪಾಟೆಂದರೆ
ಹನ್ನೊಂದು ಕಿಲೋಮೀಟರ್ ಆಚೆಯ ಟವರು
ನಮ್ಮ ಅಡುಗೆಮನೆ ಕಿಟಕಿಯಲ್ಲಿ
ನೆಟ್ಟಗೆ ಚುಚ್ಚಿದ ಸೂಜಿ.
ಅದೊಂದರಿಂದಲೇ ಇಂಟರ್ನೆಟ್ಟು
ನಮಗೂ, ಪಕ್ಕದ ಮನೆಯ ಲಾರಿ ಮರ್ವ್‌ಗೂ,
ಉಣ್ಣೆ ಶೆಡ್ಡಿನ ಹುಡುಗರಿಗೂ.

ರಾತ್ರಿ ಎಂಟಕ್ಕೆ ಸಿನಿಮಾ ನಿಲ್ಲುತ್ತದೆ.
ಬಾಯಿ ತೆರೆದ ನಾಯಕಿ ತೆರೆದೇ ಇರುತ್ತಾಳೆ,
ಅವಳ ಹಲ್ಲಿನ ಮೇಲೆ ಒಂದು ಬಿಳಿ ಚಕ್ರ.
ಇಂದುಧರ ಆಗ ಲ್ಯಾಪ್‌ಟಾಪ್ ಎತ್ತಿಕೊಳ್ಳುತ್ತಾನೆ,
ಗಡಿಯಾರ ಬಿಚ್ಚಲು ಕೂತ ಹುಡುಗನ ಮುಖ.

‘ವಿಂಡೋಸು ಇಪ್ಪತ್ತು ಪರ್ಸೆಂಟ್
ತನಗೇ ಮುಚ್ಚಿಟ್ಟುಕೊಳ್ಳುತ್ತೆ ಕಣೇ.’
ಯಾರು ಹೇಳಿದ್ದು?
‘ಎಲ್ಲರಿಗೂ ಗೊತ್ತು.’

ಸಾವಿರದ ಐನೂರು ಇದ್ದದ್ದು
ಸಾವಿರದ ನಾನೂರ ತೊಂಬತ್ತೆರಡಾಯಿತು.
ಯಾವುದೋ ಆಟೋ ಆಫಾಯಿತು, ಯಾವುದೋ ಸೊನ್ನೆ ಒಂದಾಯಿತು.
ಡಿಎನ್ಎಸ್ ಬದಲಾಯಿತು.
ಕುಕ್ಕರಿಗೆ ಮೂರು ಕೂಗು, ಇದಕ್ಕೆ ನಾಲ್ಕು ರೀಸ್ಟಾರ್ಟು.
ಹಳೆಯದು ಎಷ್ಟು, ಹೊಸದು ಎಷ್ಟು,
ಎಲ್ಲವೂ ಹಾಲಿನ ಲೆಕ್ಕದ ಪುಸ್ತಕದಲ್ಲಿ, ಕೆಂಪು ಶಾಯಿಯಲ್ಲಿ.

ಬೆಳಗಿನ ಐದಕ್ಕೆ ಎದ್ದು ಅಳೆದ.
ನಿನ್ನೆ ರಾತ್ರಿ ಆರು, ಈಗ ಮೂವತ್ತೆಂಟು!
ನನ್ನ ಹೊದಿಕೆ ಎಳೆದು ತೋರಿಸಿದ,
ಪರದೆಯ ಮುಳ್ಳು ಇನ್ನೂ ನಡುಗುತ್ತಿತ್ತು.

ನಾನು ಆಸ್ಪತ್ರೆಯ ಲ್ಯಾಬಿನವಳು.
ದಿನಾ, ರೋಗಿಯ ರಕ್ತಕ್ಕಿಂತ ಮೊದಲು
ಏನಿದೆಯೆಂದು ಗೊತ್ತಿರುವ ರಕ್ತವನ್ನು
ಮಶೀನಿಗೆ ಕುಡಿಸುವವಳು.
ಸುಳ್ಳು ಹೇಳುವುದಾದರೆ ಅದು ನನಗೆ ಹೇಳಲಿ ಮೊದಲು.

ಬುಧವಾರ ರಾತ್ರಿ ಅವನು ಸ್ನಾನಕ್ಕೆ ಹೋದಾಗ
ಎಲ್ಲವನ್ನೂ ಹಿಂದಕ್ಕೆ ತಿರುಗಿಸಿದೆ.
ಬರೆದೇ ಇಟ್ಟಿದ್ದನಲ್ಲ, ಸುಲಭವಾಯಿತು.
ಸೊನ್ನೆ ಮತ್ತೆ ಸೊನ್ನೆ.
ಬಚ್ಚಲಲ್ಲಿ ಅವನ ಹಾಡು ನಿಲ್ಲುವಷ್ಟರಲ್ಲಿ
ಕೊನೆಯ ರೀಸ್ಟಾರ್ಟೂ ಮುಗಿದಿತ್ತು.

ಗುರುವಾರ ಬೆಳಿಗ್ಗೆ ಐದು.
ನಲವತ್ತೊಂದು!
ಒಲೆಯ ಮುಂದೆ ಒಂದು ಸುತ್ತು ಕುಣಿದ. ಹಾಲು ಉಕ್ಕಿತು.

ಕಾಗೆ ಕೂತಿತು, ಕೊಂಬೆ ಮುರಿಯಿತು.
ನಮ್ಮ ಆಂಟೆನಾದ ಮೇಲೆ ಕೂರುವುದು ಗಲಾ,
ಗುಲಾಬಿ ಎದೆಯ ಗಲಾಟೆ ಹಕ್ಕಿ,
ಅದಕ್ಕೂ ಈ ಗಾದೆ ಸಲ್ಲುತ್ತದೆ.

ಐದು ಗಂಟೆಗೆ ಮರ್ವ್ ಮಲಗಿದ್ದ.
ಶೆಡ್ಡಿನ ಹುಡುಗರು ಬೂಟಿನ ಸಮೇತ ಮಲಗಿದ್ದರು.
ಶಾಲೆಯ ಹಿಂದಿನ ಬೀದಿಯ ಹಸಿ ಬಾಣಂತಿ
ರಾತ್ರಿಯಿಡೀ ಫೋನು ನೋಡುತ್ತ ತೂಗಿ ತೂಗಿ
ಆಗಷ್ಟೇ ಕಣ್ಣು ಮುಚ್ಚಿದ್ದಳು.
ಅವಳ ಪಾಲು, ಇವರ ಪಾಲು, ಎಲ್ಲ ಸೇರಿ
ನಮಗೆ ನಲವತ್ತೊಂದು.

ಹೇಳಬೇಕಿತ್ತು. ಹೇಳಲಿಲ್ಲ.
ನ್ಯಾಯವಾಗಿ ಇನ್ನೊಂದು ಮಾತು:
ಆಮೇಲೆ ಡಿಎನ್ಎಸ್ ಒಂದನ್ನು ಅವನದಕ್ಕೇ ಬದಲಿಸಿದೆ.
ಪುಟ ತೆರೆಯುವ ಮೊದಲು ಬಾಗಿಲಲ್ಲಿ
ವಿಳಾಸ ಕೇಳುತ್ತ ನಿಲ್ಲುವ ಆ ಗಳಿಗೆ
ಒಂದು ರೆಪ್ಪೆಯಷ್ಟು ಸಣ್ಣದಾದಂತಿತ್ತು.
ಅಥವಾ ನನ್ನ ತಲೆಯ ಮೇಲೂ ಕಾಗೆ ಕೂತಿತೋ.

ಶುಕ್ರವಾರ ರಾತ್ರಿ ಎಂಟು. ಫುಟ್ಬಾಲು.
ಬೀದಿಯ ಎಲ್ಲ ಕಿಟಕಿಯಲ್ಲೂ ಒಂದೇ ಹಸಿರು ಮೈದಾನ
ಒಂದೇ ಕಡೆ ಸಿಕ್ಕಿಕೊಂಡಿದೆ.
ಬೇಲಿಯಾಚೆಯಿಂದ ಮರ್ವ್:
‘ನಿಂದೂ ನಿಂತಿತಾ?’
ಇಂದುಧರ ಗಂಟಲು ಸರಿಮಾಡಿಕೊಂಡ.
‘ನಮ್ಮದು ನಲವತ್ತೊಂದು.’

ಈಗ ಅವನು ಮರ್ವ್ ಮನೆಯಲ್ಲಿದ್ದಾನೆ,
ಹಾಲಿನ ಪುಸ್ತಕ ಕಂಕುಳಲ್ಲಿ.
ನಾನು ಸೋಫಾದ ಮೇಲೆ, ಎದುರಿಗೆ ಚಕ್ರ.
ಚಕ್ರ ಸುತ್ತಿತು, ಸುತ್ತಿತು,
ಇದ್ದಕ್ಕಿದ್ದಂತೆ ಮಾಯವಾಯಿತು.
ನಾಯಕಿ ಎರಡು ಮಾತು ಆಡಿದಳು, ನಕ್ಕಳು, ಬಾಗಿಲು ದಾಟಿದಳು.

ಅಲ್ಲಿ ಮರ್ವ್‌ನ ಕಂಪ್ಯೂಟರು
ರೀಸ್ಟಾರ್ಟ್ ಆಗುತ್ತಿರಬೇಕು.